ಒಂದು ಕಾಮಿಕ್ಸ್ ಮೂಲಪುಟ ಕೊಂಡ ಬಗೆ

ಪುಸ್ತಕದಲ್ಲಿ ನಾವು ಓದುವ ಕಾಮಿಕ್ಸ್ ಪುಟಕ್ಕಿಂತ ಕಲಾವಿದ ಬರೆದ ಪುಟ ದೊಡ್ಡದು. ಅಮೆರಿಕದ ಕಾಮಿಕ್ಸ್‌ನಲ್ಲಿ 1967ರ ಸುಮಾರಿನವರೆಗೂ ಚಿತ್ರವಿರುವ ಜಾಗವೇ 12.5 ಇಂಚು ಅಗಲ, 18.5 ಇಂಚು ಎತ್ತರ ಇರುತ್ತಿತ್ತು. ಆಮೇಲೆ ಅದು 10 ಇಂಚು ಅಗಲ, 15 ಇಂಚು ಎತ್ತರಕ್ಕೆ ಇಳಿಯಿತು. ಈ ಅಳತೆಗಳೆಲ್ಲ ನನಗೆ ಓದಿ ಗೊತ್ತಿದ್ದವು. ಆದರೆ ಮೂಲಪುಟದಲ್ಲಿ ಕಪ್ಪು ಒಂದೇ ಕಪ್ಪಾಗಿರುವುದಿಲ್ಲ ಎಂಬುದು ಕಣ್ಣಾರೆ ನೋಡುವವರೆಗೆ ಗೊತ್ತಿರಲಿಲ್ಲ. ಕುಂಚ ಒಂದು ಸಲ ಹಾದ ಕಡೆ ಶಾಯಿ ಮಂಕಾಗಿರುತ್ತದೆ, ಎರಡು ಸಲ ಹಾದ ಕಡೆ ಮಿರುಗುತ್ತದೆ. ನಿಬ್ಬು ಒತ್ತಿ ಎಳೆದ ಗೆರೆ ಕಾಗದದಲ್ಲಿ ಸಣ್ಣ ತಗ್ಗು ಮಾಡಿರುತ್ತದೆ. ಅಳಿಸಿದ ಪೆನ್ಸಿಲ್ ಗೆರೆ ಪೂರ್ತಿ ಹೋಗಿರುವುದಿಲ್ಲ. ಅಚ್ಚಿನ ಕ್ಯಾಮೆರಾ ಇವೆಲ್ಲವನ್ನೂ ಕಪ್ಪು ಇಲ್ಲವೇ ಬಿಳಿ ಮಾಡಿ ಮುಗಿಸುತ್ತದೆ. ಒಂದು ಪ್ರದರ್ಶನದಲ್ಲಿ ಇಂಥ ಪುಟಗಳನ್ನು ಹತ್ತಿರದಿಂದ ನೋಡಿದ ಮೇಲೆ, ನನ್ನ ಬಳಿಯೂ ಒಂದಿರಬೇಕು, ದಿನವೂ ನೋಡುವಂತಿರಬೇಕು ಅನ್ನಿಸಿತು. ಅದು ಕೈಸೇರುವವರೆಗೆ ನಡೆದದ್ದನ್ನು ಬರೆಯುತ್ತಿದ್ದೇನೆ.

ಯಾವ ಪುಟ ಎಂಬುದೇ ಮೊದಲ ತೊಡಕು. ಸಂಗ್ರಾಹಕರು ಪುಟಗಳಿಗೆ ತಮ್ಮದೇ ಒಂದು ದರ್ಜೆ ಕಟ್ಟಿಕೊಂಡಿದ್ದಾರೆ. ಎಲ್ಲಕ್ಕಿಂತ ಮೇಲೆ ಕವರ್. ಅದರ ಕೆಳಗೆ ಸ್ಪ್ಲ್ಯಾಶ್, ಅಂದರೆ ಇಡೀ ಪುಟವೇ ಒಂದು ಚಿತ್ರ. ಅದರ ಕೆಳಗೆ ಪ್ಯಾನೆಲ್ ಪುಟಗಳು, ಅಂದರೆ ಹಲವು ಚಿತ್ರಚೌಕಗಳಾಗಿ ಹಂಚಿದವು. ಅವುಗಳಲ್ಲೂ ನಾಯಕ ತನ್ನ ವೇಷದಲ್ಲಿದ್ದಾನೋ ಸಾಮಾನ್ಯ ಬಟ್ಟೆಯಲ್ಲಿದ್ದಾನೋ ಎಂಬುದರ ಮೇಲೆ ಮತ್ತೆ ಮೇಲು ಕೀಳು. ಒಂದು ಪಾತ್ರ ಮೊದಲ ಸಲ ಮುಖ ತೋರಿಸಿದ ಪುಟವಾದರಂತೂ ಲೆಕ್ಕವೇ ಬೇರೆ. ಮಾರ್ವೆಲ್ ಪ್ರಕಾಶನದ ಸೂಪರ್‌ಹೀರೋ ವುಲ್ವರಿನ್ ಮೊದಲು ಕಾಣಿಸಿಕೊಂಡದ್ದು 1974ರ ಹಲ್ಕ್ ಕಾಮಿಕ್ಸಿನ 180ನೇ ಸಂಚಿಕೆಯ ಕೊನೆಯ ಪುಟದಲ್ಲಿ. ಹರ್ಬ್ ಟ್ರಿಂಪ್ ಬರೆದ ಆ ಪುಟ 2014ರ ಹರಾಜಿನಲ್ಲಿ 6,57,250 ಡಾಲರಿಗೆ ಹೋಯಿತು. 2022ರ ಜನವರಿಯಲ್ಲಿ ಮೈಕ್ ಝೆಕ್ ಬರೆದ ಒಂದೇ ಒಂದು ಒಳಪುಟಕ್ಕೆ 33.6 ಲಕ್ಷ ಡಾಲರ್ ಬಂತು. ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ಎಲ್ಲಿಂದ ಬಂತೆಂದು ಹೇಳುವ ಪುಟ ಅದು.

ಇಂಥ ಬೆಲೆಯಲ್ಲಿ ಹೆಚ್ಚಿನ ಪಾಲು ಪಾತ್ರದ ಚರಿತ್ರೆಯದು, ಗೆರೆಯದಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಪಾತ್ರದ ಮೇಲಿನ ಪ್ರೀತಿಯೂ ಪ್ರೀತಿಯೇ. ನನ್ನ ಮನಸ್ಸು ಮಾತ್ರ ಗೆರೆಯ ಕಡೆಗಿತ್ತು. ಕೈಯಲ್ಲಿದ್ದ ಹಣಕ್ಕೂ ಅದೇ ದಾರಿ ಹೊಂದುತ್ತಿತ್ತು. ಹಾಗಾಗಿ ಕೊಳ್ಳುವುದನ್ನು ಬದಿಗಿಟ್ಟು ಮೊದಲು ನೋಡುವುದನ್ನು ಕಲಿಯತೊಡಗಿದೆ. ಹರಾಜು ಸಂಸ್ಥೆಗಳು ಮಾರಿದ ಪುಟಗಳ ದೊಡ್ಡ ಸ್ಕ್ಯಾನ್‌ಗಳು ಯಾರಿಗಾದರೂ ಸಿಗುತ್ತವೆ. ಒಂದು ಪರದೆಯಲ್ಲಿ ಮೂಲಪುಟದ ಸ್ಕ್ಯಾನ್, ಪಕ್ಕದಲ್ಲಿ ಅದೇ ಸಂಚಿಕೆಯ ಅಚ್ಚಾದ ಪುಟ. ಸಂಜೆಗಳೆಲ್ಲ ಹೀಗೇ ಕಳೆದವು.

ಈ ಹೋಲಿಕೆಯಿಂದ ತಿಳಿದದ್ದು ಯಾವ ಪುಸ್ತಕದಿಂದಲೂ ತಿಳಿಯುತ್ತಿರಲಿಲ್ಲ. ಅಮೆರಿಕದ ಕಾಮಿಕ್ಸ್ ಪುಟ ಸಾಮಾನ್ಯವಾಗಿ ಒಬ್ಬರ ಕೈಯದಲ್ಲ. ಪೆನ್ಸಿಲರ್ ಚಿತ್ರ ಬರೆಯುತ್ತಾರೆ, ಲೆಟರರ್ ಮಾತಿನ ಬಲೂನುಗಳನ್ನು ತುಂಬುತ್ತಾರೆ, ಆಮೇಲೆ ಇಂಕರ್ ಬಂದು ಪೆನ್ಸಿಲ್ಲಿನ ಮೇಲೆ ಶಾಯಿ ಎಳೆಯುತ್ತಾರೆ, ಕೊನೆಗೆ ಆಫೀಸಿನವರು ತಿದ್ದುತ್ತಾರೆ. ಇಷ್ಟೂ ಜನ ಒಂದೇ ಹಾಳೆಯ ಮೇಲೆ ಕೆಲಸ ಮಾಡಿರುವುದರಿಂದ ಇಷ್ಟೂ ಜನರ ಗುರುತು ಅದರ ಮೇಲೆ ಉಳಿದಿರುತ್ತದೆ. ತಿಳಿ ನೀಲಿ ಪೆನ್ಸಿಲ್ಲಿನ ಗೆರೆಗಳು ಎಷ್ಟೋ ಪುಟಗಳಲ್ಲಿ ಹಾಗೇ ಇರುತ್ತವೆ, ಏಕೆಂದರೆ ಅಚ್ಚಿನ ಕ್ಯಾಮೆರಾದ ಫಿಲ್ಮಿಗೆ ಆ ನೀಲಿ ಕಾಣುತ್ತಲೇ ಇರಲಿಲ್ಲ, ಅಳಿಸುವ ಅಗತ್ಯವೇ ಇರಲಿಲ್ಲ. ಅಂಚಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಬರೆದ ಸೂಚನೆಗಳಿರುತ್ತವೆ. ಮಾರ್ವೆಲ್‌ನ ಕಲಾವಿದ ಜ್ಯಾಕ್ ಕರ್ಬಿ 1960ರ ದಶಕದಲ್ಲಿ ಬರೆದ ಪುಟಗಳ ಅಂಚು ತುಂಬ ಅವರ ಕೈಬರಹವೇ ಇದೆ. ಪ್ರತಿ ಪ್ಯಾನೆಲಿನಲ್ಲಿ ಏನು ನಡೆಯುತ್ತಿದೆ ಎಂದು ಮಾತು ತುಂಬಲಿರುವ ಬರಹಗಾರ ಸ್ಟ್ಯಾನ್ ಲೀಗೆ ತಿಳಿಸುವ ಬರಹ. ಆ ಪುಟಗಳಲ್ಲಿ ಕಥೆ ಯಾರದು ಎಂಬ ಹಳೆಯ ಜಗಳಕ್ಕೆ ಆ ಅಂಚುಗಳಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಹೀಗೆ ನೋಡುತ್ತ ನೋಡುತ್ತ ಒಬ್ಬ ಇಂಕರ್‌ನ ಕೆಲಸ ನನ್ನನ್ನು ಹಿಡಿದು ನಿಲ್ಲಿಸಿತು. ಹೆಸರು ದೊಡ್ಡದಲ್ಲ. ಯಾರ ಪೆನ್ಸಿಲ್ಲಿನ ಮೇಲೆ ಕೂತರೂ ಆತ ಶಾಯಿಯಲ್ಲಿ ಎಳೆದ ನೆರಳು ನೆರಳಾಗಿಯೇ ಬೀಳುತ್ತಿತ್ತು. ಒಣ ಕುಂಚವನ್ನು ಕಾಗದದ ಮೇಲೆ ಸವರಿ ಗೋಡೆಯ ಒರಟುತನ ತರುತ್ತಿದ್ದ. ಆತ ಶಾಯಿ ಹಾಕಿದ 1970ರ ದಶಕದ ಕೊನೆಯ ಒಂದು ಪುಟ ಬೇಕು, ಅದರಲ್ಲಿ ಹೊಡೆದಾಟಕ್ಕಿಂತ ರಾತ್ರಿ, ಒಳಾಂಗಣ, ಮುಖಗಳು ಇರಬೇಕು ಎಂದು ಗೊತ್ತು ಮಾಡಿಕೊಂಡೆ.

ಆ ಕಾಲದ ಪುಟಗಳೇ ಮಾರುಕಟ್ಟೆಯಲ್ಲಿ ಹೇರಳವಾಗಿರುವುದಕ್ಕೆ ಕಾರಣವಿದೆ. ಅದಕ್ಕೂ ಹಿಂದೆ ಪುಟ ಅಚ್ಚಾದ ಮೇಲೆ ಅದು ಪ್ರಕಾಶಕರ ಪಾಲಿಗೆ ಕಸ. ಕತ್ತರಿಸಿ ಎಸೆದರು, ಗೋದಾಮಿನಲ್ಲಿ ಕೊಳೆಹಾಕಿದರು, ಯಾರೋ ಬಂದವರಿಗೆ ಕೊಟ್ಟರು. ಇ.ಸಿ. ಕಾಮಿಕ್ಸಿನ ಬಿಲ್ ಗೇನ್ಸ್ ಮಾತ್ರ ತಮ್ಮ ಸಂಸ್ಥೆಯ ಮೂಲಪುಟಗಳನ್ನು ಜೋಪಾನವಾಗಿ ಎತ್ತಿಟ್ಟರು, ಅದರಿಂದಲೇ ಆ ಕಥೆಗಳು ಇಡಿಇಡಿಯಾಗಿ ಉಳಿದವು. ನೀಲ್ ಆಡಮ್ಸ್‌ರಂಥ ಕಲಾವಿದರು ಪಟ್ಟುಹಿಡಿದ ಮೇಲೆ, 1970ರ ದಶಕದಲ್ಲಿ ದೊಡ್ಡ ಪ್ರಕಾಶಕರು ಹೊಸ ಪುಟಗಳನ್ನು ಹಿಂತಿರುಗಿಸತೊಡಗಿದರು. ಪೆನ್ಸಿಲರ್‌ಗೆ ಕೆಲವು, ಇಂಕರ್‌ಗೆ ಕೆಲವು ಎಂದು ಸಂಚಿಕೆಯನ್ನು ಹಂಚಲಾಗುತ್ತಿತ್ತು. ಒಂದೇ ಕಥೆಯ ಪುಟಗಳು ಇವತ್ತು ಹತ್ತಾರು ಮನೆಗಳಲ್ಲಿರುವುದು ಇದರಿಂದ. ಹಳೆಯ ಪುಟಗಳ ವಿಚಾರ ಮಾತ್ರ ಬಗೆಹರಿದಿರಲಿಲ್ಲ. ಮಾರ್ವೆಲ್‌ನ ಅರ್ಧ ಲೋಕವನ್ನೇ ಕಟ್ಟಿದ ಕರ್ಬಿಗೆ 1984ರಲ್ಲಿ, ಬೇರೆ ಯಾರಿಗೂ ಕೊಡದಂಥ ನಾಲ್ಕು ಪುಟದ ಕರಾರುಪತ್ರ ಕೊಟ್ಟು, ಹಳೆಯ ಪುಟ ಬೇಕಾದರೆ ಸಹಿ ಹಾಕಿ ಎಂದಿತು ಆ ಸಂಸ್ಥೆ. ಅವರು ಒಪ್ಪಲಿಲ್ಲ. ಸಹೋದ್ಯೋಗಿಗಳೂ ಓದುಗರೂ ದನಿ ಎತ್ತಿದ ಮೇಲೆ 1987ರಲ್ಲಿ ಅವರಿಗೆ ಸುಮಾರು 2,000 ಪುಟ ಸಿಕ್ಕಿತು. ಅವರು ಆ ಸಂಸ್ಥೆಗೆ ಬರೆದದ್ದು ಅದರ ಎಷ್ಟೋ ಪಟ್ಟು. ಸಂಗ್ರಹಕ್ಕೆ ಇಳಿಯುವವರು ಈ ಚರಿತ್ರೆ ತಿಳಿದಿರಲೇಬೇಕೆಂದು ನನಗನ್ನಿಸುತ್ತದೆ; ನಾವು ಕೊಡುವ ಹಣದಲ್ಲಿ ಬರೆದವರಿಗೆ ಎಷ್ಟು ಹೋಗುತ್ತದೆ, ಹೋಗುವುದಿಲ್ಲ ಎಂಬುದು ನಮ್ಮದೂ ಪ್ರಶ್ನೆ. ಯುರೋಪಿಯನ್ ಒಕ್ಕೂಟದಲ್ಲಿ ಹರಾಜಿನಲ್ಲಿ ಮರುಮಾರಾಟವಾದಾಗ ಕಲಾವಿದರಿಗೋ, ತೀರಿಕೊಂಡು 70 ವರ್ಷ ಆಗುವವರೆಗೆ ಅವರ ವಾರಸುದಾರರಿಗೋ ಒಂದು ಪಾಲು ಸಲ್ಲುವ ಕಾನೂನಿದೆ. ಅಮೆರಿಕದಲ್ಲಿ ಅಂಥದ್ದಿಲ್ಲ. ಹಾಗಾಗಿ ಜೀವಂತ ಕಲಾವಿದರ ಪುಟ ಬೇಕಾದಾಗ ನಾನು ಮೊದಲು ವಿಚಾರಿಸುವುದು ಅವರನ್ನೇ ಅಥವಾ ಅವರ ಏಜೆಂಟರನ್ನು.

ನನಗೆ ಬೇಕಾದ ಇಂಕರ್ ತೀರಿಕೊಂಡು ಬಹಳ ಕಾಲವಾಗಿತ್ತು. ಉಳಿದ ದಾರಿ ಎರಡು, ಹರಾಜು ಅಥವಾ ಇನ್ನೊಬ್ಬ ಸಂಗ್ರಾಹಕ.

ಹರಾಜಿನಲ್ಲಿ ಒಂದು ಪುಟ ಬಂತು. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಪ್ರೀಮಿಯಂ ಕೂಡುತ್ತದೆ, ದೊಡ್ಡ ಹರಾಜು ಸಂಸ್ಥೆಗಳಲ್ಲಿ ಅದು ನೂರಕ್ಕೆ 20 ಅಥವಾ ಅದಕ್ಕೂ ಹೆಚ್ಚು. ಅದರ ಮೇಲೆ ಸಾಗಣೆ, ವಿಮೆ, ತೆರಿಗೆ. ಇವನ್ನೆಲ್ಲ ಕಳೆದು, ಇದಕ್ಕಿಂತ ಮೇಲೆ ಹೋಗುವುದಿಲ್ಲ ಎಂಬ ಮೊತ್ತವನ್ನು ಹಿಂದಿನ ದಿನವೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ. ಬಿಡ್ ಅದನ್ನು ದಾಟಿತು, ನಾನು ಬಿಟ್ಟುಕೊಟ್ಟೆ. ಹೊಟ್ಟೆ ಉರಿಯಿತು ನಿಜ. ಆದರೆ ಆ ಪುಟ ಎಷ್ಟಕ್ಕೆ ಹೋಯಿತು ಎಂಬುದು ಮುಂದಿನ ಮಾತುಕತೆಗೆ ಆಧಾರವಾಯಿತು.

ಎರಡನೆಯ ಪುಟ ಇದ್ದದ್ದು ಒಬ್ಬ ಹಿರಿಯ ಸಂಗ್ರಾಹಕರ ಬಳಿ. ಮಾರುವ ಆತುರ ಅವರಿಗಿರಲಿಲ್ಲ. ಪತ್ರಗಳಲ್ಲಿ ನಾವು ಹಣದ ಮಾತೆತ್ತುವ ಮೊದಲು ಆ ಇಂಕರ್ ಬಗ್ಗೆಯೇ ಬಹಳ ಮಾತಾಡಿದೆವು. ಅವರು ಪುಟದ ಸ್ಕ್ಯಾನ್ ಕಳಿಸಿದಾಗ ನಾನು ಕೇಳಿದ್ದು ಒಂದೇ.

"ಹಿಂಬದಿಯದ್ದೂ ಒಂದು ಕಳಿಸ್ತೀರಾ ಸರ್?"

"ನೀವು ಕೇಳ್ತೀರಾ ಇಲ್ವಾ ಅಂತ ಕಾಯ್ತಿದ್ದೆ," ಎಂದರು.

ಹಿಂಬದಿಯ ಮಾತು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಹವ್ಯಾಸದಲ್ಲಿ ಮೋಸ ಇದೆ. ಅಡಿಯಿಂದ ಬೆಳಕು ಬರುವ ಲೈಟ್‌ಬಾಕ್ಸಿನ ಮೇಲೆ ಅಚ್ಚಾದ ಪುಟವಿಟ್ಟು, ಅದರ ಮೇಲೆ ಚಿತ್ರ ಬರೆಯುವ ಹಳೆಯ ದಪ್ಪ ಹಾಳೆ ಹಾಕಿ, ಗೆರೆ ಗೆರೆ ಎಳೆದು ಮೂಲವೆಂದು ಮಾರುವವರಿದ್ದಾರೆ. ಅಂಥ ಪುಟವನ್ನು ಅಚ್ಚಿಗೆ ಹೋಲಿಸಿ ಪರೀಕ್ಷಿಸಿದರೆ ಅದು ಪಾಸಾಗುತ್ತದೆ, ಅಚ್ಚು ನೋಡಿಯೇ ಬರೆದದ್ದಲ್ಲವೇ! ಆದರೆ ನಕಲು ಮಾಡುವವನ ಎದುರು ಇರುವುದು ಅಚ್ಚಾದ ಪುಟ ಮಾತ್ರ. ಅಚ್ಚಿನಲ್ಲಿ ಬಾರದ್ದು ಅವನಿಗೆ ಗೊತ್ತಿರುವುದಿಲ್ಲ. ಶಾಯಿಯ ಕೆಳಗೆ ಅರ್ಧ ಅಳಿಸಿದ ಪೆನ್ಸಿಲ್, ಅದೂ ಶಾಯಿಯ ಗೆರೆಯಿಂದ ಅಲ್ಲಲ್ಲಿ ಬೇರೆ ದಾರಿ ಹಿಡಿದದ್ದು, ಬಿಳಿ ಬಣ್ಣ ಬಳಿದು ತಿದ್ದಿದ ಜಾಗ, ಅಂಚಿನ ಸೂಚನೆಗಳು, ಹಿಂಬದಿಯಲ್ಲಿ ಆಫೀಸಿನ ಮುದ್ರೆ. 1954ರಲ್ಲಿ ಹುಟ್ಟಿದ ಕಾಮಿಕ್ಸ್ ಕೋಡ್ ಎಂಬ ಸ್ವಯಂ ಸೆನ್ಸಾರ್ ಮಂಡಳಿಯ ಒಪ್ಪಿಗೆ ಮುದ್ರೆ ಎಷ್ಟೋ ಪುಟಗಳ ಹಿಂದೆ ಸಿಗುತ್ತದೆ. ನಾನು ನೋಡಿ ಕಲಿತದ್ದೆಲ್ಲ ಸೌಂದರ್ಯಕ್ಕಾಗಿ. ಅದೇ ಕಲಿಕೆ ಇಲ್ಲಿ ಪರೀಕ್ಷೆಯ ಸಾಧನವಾಯಿತು. ಇದಲ್ಲದೆ ಗೆರೆಯ ಓಟವೂ ಹೇಳುತ್ತದೆ. ತನ್ನ ಗೆರೆ ತಾನೇ ಎಳೆಯುವ ಕೈ ಬೀಸಿ ಎಳೆಯುತ್ತದೆ, ಬೇರೆಯವರ ಗೆರೆಯ ಮೇಲೆ ಹೋಗುವ ಕೈ ತಡೆತಡೆದು ಹೋಗುತ್ತದೆ. ಭೂತಗನ್ನಡಿಯಲ್ಲಿ ಆ ತಡವರಿಕೆ ಸಣ್ಣ ನಡುಕವಾಗಿ ಕಾಣುತ್ತದೆ.

ಮೋಸವಲ್ಲದಿದ್ದರೂ ತಿಳಿದುಕೊಳ್ಳಬೇಕಾದ ಇನ್ನೆರಡು ಬಗೆಗಳಿವೆ. ಕಲಾವಿದರೇ ತಮ್ಮ ಹಳೆಯ ಕವರನ್ನು ಮತ್ತೆ ಬರೆದುಕೊಡುವುದುಂಟು. ಅದನ್ನು ಮರುಸೃಷ್ಟಿ ಎಂದು ಹೇಳಿಯೇ ಮಾರುತ್ತಾರೆ, ಬೆಲೆಯೂ ಬೇರೆ. ಇತ್ತೀಚಿನ ಪುಟಗಳಲ್ಲಿ ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ, ತಿಳಿ ನೀಲಿಯಲ್ಲಿ ಮತ್ತೊಂದು ಹಾಳೆಗೆ ಪ್ರಿಂಟ್ ಹಾಕಿ, ಇಂಕರ್ ಅದರ ಮೇಲೆ ಶಾಯಿ ಎಳೆಯುವುದು ಸಾಮಾನ್ಯ. ಆಗ ಒಂದೇ ಪುಟಕ್ಕೆ ಎರಡು ಮೂಲ, ಒಂದು ಬರೀ ಪೆನ್ಸಿಲ್, ಇನ್ನೊಂದು ಬರೀ ಶಾಯಿ. ಯಾವುದನ್ನು ಕೊಳ್ಳುತ್ತಿದ್ದೇವೆ ಎಂದು ಕೇಳಿಯೇ ಹಣ ಕೊಡಬೇಕು. 1990ರ ದಶಕದ ನಡುವಿನಿಂದ ಲೆಟರಿಂಗ್ ಕಂಪ್ಯೂಟರಿಗೆ ಹೋದ್ದರಿಂದ ಆಮೇಲಿನ ಪುಟಗಳಲ್ಲಿ ಮಾತೂ ಇರುವುದಿಲ್ಲ. ಚಿತ್ರ ಪೂರ್ತಿ ಕಾಣುತ್ತದೆ ಎಂದು ಕೆಲವರಿಗೆ ಅದೇ ಇಷ್ಟ. ನನಗೆ ಮಾತಿರುವ ಪುಟವೇ ಬೇಕು. ಓದಲಾಗದ ಕಾಮಿಕ್ಸ್ ಪುಟ ನನ್ನ ಮಟ್ಟಿಗೆ ಅರ್ಧ.

ಹಿರಿಯರು ಕಳಿಸಿದ ಹಿಂಬದಿಯ ಚಿತ್ರದಲ್ಲಿ ಎಲ್ಲವೂ ಇತ್ತು: ಮುದ್ರೆ, ಪುಟಸಂಖ್ಯೆ, ಮೂಲೆಯಲ್ಲಿ ಇಂಕರ್ ಕುಂಚ ಒರೆಸಿದ ಕಲೆಗಳು. ಅದನ್ನು ಅವರು ಕೊಂಡದ್ದು ಇಂಕರ್‌ನಿಂದಲೇ. ಆಗ ಬರೆಸಿಕೊಂಡ ಚೀಟಿಯೂ ಜೊತೆಗಿತ್ತು. ಬೆಲೆ ನಾಲ್ಕೇ ಮಾತಿನಲ್ಲಿ ಮುಗಿಯಿತು. ಕಂತಿನಲ್ಲಿ ಕೊಡಲು ಒಪ್ಪಿದರು. ಈ ವಲಯದಲ್ಲಿ ಅದು ವಾಡಿಕೆ, ಪೂರ್ತಿ ಹಣ ಸೇರುವವರೆಗೆ ಪುಟ ಮಾರುವವರ ಬಳಿಯೇ ಇರುತ್ತದೆ.

ಪುಟ ಬಂದದ್ದು ಎರಡು ಗಟ್ಟಿ ಹಲಗೆಗಳ ನಡುವೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಮೇಜಿನ ಮೇಲಿಟ್ಟು ದೀಪವನ್ನು ಪಕ್ಕಕ್ಕೆ ವಾಲಿಸಿ ನೋಡಿದೆ. ಕೆಳಗಿನ ಸಾಲಿನಲ್ಲಿ ಒಬ್ಬ ಹೆಂಗಸು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುವ ಪ್ಯಾನೆಲ್ ಇದೆ. ಅಚ್ಚಿನಲ್ಲಿ ಆಕೆಯ ಹಿಂದಿನ ಗೋಡೆ ಬರೀ ಕಪ್ಪು. ಇಲ್ಲಿ ಆ ಕಪ್ಪಿನೊಳಗೆ ಪೆನ್ಸಿಲರ್ ಬರೆದ ಬಾಗಿಲು, ಕಿಟಕಿ, ಒಂದು ಕುರ್ಚಿ ಇವೆ. ಸೀಸದ ಹೊಳಪು ಶಾಯಿಯ ಅಡಿಯಿಂದ ಮೆಲ್ಲಗೆ ಎದ್ದು ಕಾಣುತ್ತದೆ. ಇಂಕರ್ ಅವನ್ನೆಲ್ಲ ಮುಚ್ಚಿ, ಆಕೆಯ ಕೈ ಕಂಬಿಯನ್ನು ಹಿಡಿದಿರುವಷ್ಟನ್ನೇ ಬೆಳಕಿಗೆ ಬಿಟ್ಟಿದ್ದಾನೆ. ಆ ಕೈಯನ್ನೂ ಬಿಳಿ ಬಳಿದು ಮತ್ತೆ ಬರೆದಿದ್ದಾನೆ, ಬೆರಳು ಮೊದಲಿಗಿಂತ ಬಿಗಿಯಾಗಿವೆ. ಅದೇ ಪ್ಯಾನೆಲಿನ ಮೇಲ್ತುದಿಗೆ ಅಂಟಿಸಿದ್ದ ಕ್ಯಾಪ್ಷನ್ ಚೀಟಿಯ ಒಂದು ಮೂಲೆ ಅಂಟು ಬಿಟ್ಟಿತ್ತು. ಎತ್ತದೆ, ಬರೀ ವಾರೆಯಿಂದ ಇಣುಕಿದಾಗ ಅಡಿಯಲ್ಲಿ ಇನ್ನೊಂದು, ಹೆಚ್ಚು ಉದ್ದದ ಕ್ಯಾಪ್ಷನ್ ಇರುವುದು ಕಂಡಿತು. ಆಕೆಗೆ ಭಯವಾಗಿದೆ ಎಂದು ಅದು ಹೇಳುತ್ತಿತ್ತು. ಅಚ್ಚಾದ ಕ್ಯಾಪ್ಷನ್‌ನಲ್ಲಿ ಭಯದ ಮಾತೇ ಇಲ್ಲ, ಗಂಟೆ ಎಷ್ಟಾಯಿತೆಂದು ಮಾತ್ರ ಇದೆ. ಬೆರಳುಗಳನ್ನು ನೋಡಿದ ಯಾರೋ ಸಂಪಾದಕರು ಮಾತು ಸಾಕೆಂದು ತೀರ್ಮಾನಿಸಿದ್ದಾರೆ. ಮೂರು ಜನರ ತೀರ್ಮಾನಗಳು ಒಂದರ ಮೇಲೊಂದು ಒಂದು ಅಂಗೈಯಗಲದ ಜಾಗದಲ್ಲಿ! ಇದಕ್ಕಾಗಿಯೇ ನಾನು ಇಷ್ಟು ಕಾಲ ಹುಡುಕಿದ್ದು.

ಕ್ಯಾಪ್ಷನ್ ಸುತ್ತ ಕಂದು ಕಲೆ ಇದೆ. ಅದು ರಬ್ಬರ್ ಸಿಮೆಂಟ್ ಎಂಬ ಅಂಟಿನದು. ವರ್ಷಗಳು ಕಳೆದಂತೆ ಕಾಗದಕ್ಕೆ ಇಳಿದು ಹೀಗಾಗುತ್ತದೆ. ತೆಗೆಸಬಹುದೇ ಎಂದು ಕಾಗದ ಸಂರಕ್ಷಣೆಯ ತಜ್ಞರೊಬ್ಬರನ್ನು ಕೇಳಿದೆ. ದ್ರಾವಕ ಬಳಸಿ ಹಗುರ ಮಾಡಬಹುದು, ಆದರೆ ಅಡಿಯ ಬರಹಕ್ಕೆ ಏನಾಗುತ್ತದೋ ಹೇಳಲಾಗದು ಎಂದರು. ಕಲೆ ಹಾಗೇ ಇರಲಿ ಎಂದು ಬಿಟ್ಟೆ. ಬಿಟ್ಟ ಮೂಲೆಯನ್ನು ಮಾತ್ರ ಅವರು ಗೋಧಿ ಗಂಜಿಯ ಅಂಟಿನಿಂದ ಕೂರಿಸಿಕೊಟ್ಟರು. ನೀರು ಸೋಕಿದರೆ ಮತ್ತೆ ಬಿಡಿಸಬಹುದಾದ ಅಂಟು. ಬ್ರಸೆಲ್ಸಿನ ಹೆರ್ಜೆ 1936ರಲ್ಲಿ ಟಿನ್‌ಟಿನ್ ಪುಸ್ತಕವೊಂದರ ಕವರಿಗೆಂದು ಬರೆದು, ಅಚ್ಚಿಗೆ ದುಬಾರಿಯೆಂದು ಪಕ್ಕಕ್ಕಿಟ್ಟ ಬಣ್ಣದ ಚಿತ್ರ 2021ರಲ್ಲಿ ಸುಮಾರು 32 ಲಕ್ಷ ಯೂರೋಗೆ ಮಾರಾಟವಾದಾಗ ಅದರ ಮೇಲೆ ಮಡಿಚಿಟ್ಟ ಗೆರೆಗಳು ಸ್ಪಷ್ಟವಾಗಿ ಇದ್ದವು. ಇಂಥ ಗುರುತು ಪುಟದ ಬದುಕಿನ ಭಾಗ.

ಶಾಯಿಯ ಬಗ್ಗೆ ಚಿಂತೆಯಿಲ್ಲ. ಇಂಡಿಯಾ ಇಂಕಿನ ಕಪ್ಪು ಇದ್ದಿಲ ಕಪ್ಪು, ಬೆಳಕಿಗೆ ಮಾಸುವುದಿಲ್ಲ. ಮಾಸುವುದು ಮಾರ್ಕರ್ ಪೆನ್ನಿನದು ಮತ್ತು ಬಣ್ಣದ ಸೂಚನೆಗೆ ಬಳಸುತ್ತಿದ್ದ ಡೈಗಳದು. ಈ ಹವ್ಯಾಸದಲ್ಲಿ ಕಲರ್ ಗೈಡುಗಳನ್ನೂ, ಅಂದರೆ ಬಣ್ಣದ ಸೂಚನೆಯ ಆ ಹಾಳೆಗಳನ್ನೂ, ಕೊಳ್ಳುವವರಿದ್ದಾರೆ, ಅವನ್ನು ಗೋಡೆಗೆ ಹಾಕಲೇಬಾರದು. ಚುಕ್ಕೆಗಳ ನೆರಳಿಗೆ ಅಂಟಿಸುತ್ತಿದ್ದ ಝಿಪ್‌ಅಟೋನ್ ಹಾಳೆ ಕುಗ್ಗಿ ಎದ್ದುಬರುತ್ತದೆ, ಅಂಥ ಪುಟವನ್ನು ಮಲಗಿಸಿಯೇ ಇಡಬೇಕು. ನನ್ನ ಪುಟದಲ್ಲಿ ಅದಿಲ್ಲ. ಆದರೂ ಕಾಗದ ಹಳದಿಯಾಗುತ್ತದೆ, ಬಿಳಿ ತಿದ್ದುಪಡಿ ಸಿಬಿರೇಳುತ್ತದೆ. ಹಾಗಾಗಿ ಫ್ರೇಮಿನಲ್ಲಿ ಪುಟದ ಸುತ್ತ ಆಮ್ಲವಿಲ್ಲದ ರಟ್ಟಿನ ಮೌಂಟು, ಪುಟ ಗಾಜಿಗೆ ತಾಗದಷ್ಟು ಅಂತರ, ನೇರಳಾತೀತ ಕಿರಣ ತಡೆಯುವ ಗಾಜು, ಹಿಂದೆ ಪುಟವನ್ನು ಹಿಡಿದಿಡಲು ಜಪಾನಿ ಕಾಗದದ ಸಣ್ಣ ಕೀಲುಗಳು. ಅಂಟುಪಟ್ಟಿ ಒಂದೂ ಇಲ್ಲ. ವಸ್ತುಸಂಗ್ರಹಾಲಯಗಳು ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್ ಬೆಳಕನ್ನೇ ಮಿತಿಯೆಂದು ಇಟ್ಟುಕೊಳ್ಳುತ್ತವೆ. ಕಿಟಕಿಯಿಲ್ಲದ ಗೋಡೆಯಲ್ಲಿ ಕೆಲವು ತಿಂಗಳು, ಆಮೇಲೆ ಕೆಲವು ತಿಂಗಳು ಕತ್ತಲ ಕಪಾಟಿನಲ್ಲಿ ಎಂಬ ಕ್ರಮ ಮಾಡಿಕೊಂಡಿದ್ದೇನೆ. ಫ್ರೇಮ್ ಮಾಡುವಾಗ ಅಂಚುಗಳನ್ನು ಮೌಂಟಿನಿಂದ ಮುಚ್ಚುವುದು ವಾಡಿಕೆ. ಬೇಡವೆಂದೆ; ಸೂಚನೆಗಳು ಇರುವುದೇ ಅಂಚಿನಲ್ಲಿ.

ಪುಟ ನನ್ನದು, ಅಚ್ಚು ಹಾಕುವ ಹಕ್ಕು ನನ್ನದಲ್ಲ. ಅಮೆರಿಕದ 1976ರ ಕಾಪಿರೈಟ್ ಕಾನೂನಿನ 202ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ವಸ್ತುವಿನ ಒಡೆತನ ಬೇರೆ, ಹಕ್ಕುಸ್ವಾಮ್ಯ ಬೇರೆ. ಪೋಸ್ಟರ್ ಮಾಡಲು ಸ್ಕ್ಯಾನ್ ಕೇಳಿದವರಿಗೆ ಇದನ್ನೇ ಹೇಳಿ, ಪ್ರಕಾಶಕರನ್ನು ವಿಚಾರಿಸಿ ಎಂದೆ. ಸಂಶೋಧನೆ ಮಾಡುವವರು ಬಂದು ನೋಡುತ್ತೇನೆಂದರೆ ಬಾಗಿಲು ತೆರೆದಿದೆ. ಸ್ಪೈಡರ್‌ಮ್ಯಾನ್ ಹುಟ್ಟಿದ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಪುಟಗಳನ್ನೂ ಒಬ್ಬರು ಹೆಸರು ಹೇಳದೆ 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಹರಾಜಿಗೆ ಬಿಟ್ಟಿದ್ದರೆ ಅವು ಒಂದೊಂದಾಗಿ ಚದುರಿಹೋಗುತ್ತಿದ್ದವು. ಸಂಗ್ರಾಹಕರಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಆ ವ್ಯಕ್ತಿಯನ್ನು.

ನನ್ನ ಪುಟದ ಮುಂದಿನ ಪುಟ, ಆ ಹೆಂಗಸು ಮೆಟ್ಟಿಲು ಹತ್ತುವುದು, ಇನ್ನೊಬ್ಬ ಸಂಗ್ರಾಹಕರ ಬಳಿ ಇರುವುದು ಈಚೆಗೆ ಗೊತ್ತಾಯಿತು. ಸ್ಕ್ಯಾನ್‌ಗಳನ್ನು ಅದಲು ಬದಲು ಮಾಡಿಕೊಂಡೆವು. ಯಾರು ಮಾರುವುದಾದರೂ ಮೊದಲು ಇನ್ನೊಬ್ಬರಿಗೆ ಹೇಳಬೇಕು ಎಂದು ಇಬ್ಬರೂ ಒಪ್ಪಿ ಬರೆದುಕೊಂಡಿದ್ದೇವೆ. ಅದೇ ಕಥೆಯ ಉಳಿದ ಪುಟಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ಈಗ ಇಬ್ಬರೂ ಸೇರಿ ತುಂಬುತ್ತಿದ್ದೇವೆ.